ಕುರುಗೋಡಿನ ಗ್ಯಾರೇಜು, ಮಧ್ಯಾಹ್ನ ಮೂರು

ಏಪ್ರಿಲ್ 9, ಮಧ್ಯಾಹ್ನ 2.40

ಸಾರಿ. ಇದು ಫಿಸಿಕ್ಸ್ ಲ್ಯಾಬ್ ರೆಕಾರ್ಡು, ಇದರಲ್ಲಿ ಇಂಥದ್ದು ಬರೆಯಬಾರದು. ಆದರೆ ಬೇರೆ ಎಲ್ಲಿ ಬರೆದರೂ ರೂಮ್‌ಮೇಟ್ ಅಕ್ಷಿತಾ ಓದುತ್ತಾಳೆ.

ಕುರುಗೋಡು 44.6 ಡಿಗ್ರಿ. ನಿನ್ನೆ ಇದೇ ಹೊತ್ತಿಗೆ 44.1.

ಸಿರುಗುಪ್ಪದ ಕಡೆ ಹೊಳೆ ಬತ್ತಿದೆ. ದಡದ ಹುಣಸೆಮರ ಬಿದ್ದ ಮೇಲೆ ನಮ್ಮೂರಲ್ಲಿ ನೆರಳೂ ಇಲ್ಲ. ಅದಕ್ಕೇ ಅಪ್ಪ ನಮ್ಮ ಹರಿಗೋಲನ್ನು ಮಳೆಗಾಲದವರೆಗೆ ಕುರುಗೋಡಿನಲ್ಲಿ ಭಾವನ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಬೋರಲು ಹಾಕಿ ಬಂದ. ತಗಡಿನ ಗ್ಯಾರೇಜು. ತೀರಾ ಕಾದರೆ ತಳದ ಡಾಂಬರು ಇಳಿಯುತ್ತೆ, ಬಿದಿರು ಬಾಯಿ ಬಿಡುತ್ತೆ. ಶಾಖ, ತೇವ ಅಳೆಯುವ ಸೆನ್ಸರ್ ನಾನೇ ಜೋಡಿಸಿ ಅಪ್ಪನ ಕೈಲಿ ಕಳಿಸಿದೆ. ಬಳ್ಳಾರಿಯಲ್ಲಿ ಕೂತು ಫೋನಿನಲ್ಲಿ ನೋಡೋದು.

ಏಪ್ರಿಲ್ 10, 3.25

41.2! ಅರ್ಧ ಗಂಟೆಯಲ್ಲಿ ಮೂರೂವರೆ ಡಿಗ್ರಿ ಇಳಿದಿದೆ. ತೇವ 19ರಿಂದ 58ಕ್ಕೆ. ಸೆನ್ಸರ್ ಎರರ್?

ಅಕ್ಷಿತಾ: "ನಿನ್ನ ಪೇಷಂಟ್ ಹೆಂಗೈತಲೇ? ಗ್ಲುಕೋಸ್ ಏರಿಸೂಣೇನು?"

ಏಪ್ರಿಲ್ 12

ಮತ್ತೆ ಮೂರಕ್ಕೇ ಇಳಿಯಿತು. ನಿನ್ನೆಯೂ. ಎರರ್‌ಗೆ ಟೈಮ್ ಟೇಬಲ್ ಇರುತ್ತಾ... ಯಾರೋ ಬಾಗಿಲು ತೆಗೆಯುತ್ತಿದ್ದಾರೆ.

ಏಪ್ರಿಲ್ 14, ರಜೆ

ಕಂಟೋನ್ಮೆಂಟಿನ ಹಾಸ್ಟೆಲು ಖಾಲಿ. ಊರು ನೆನಪು.

ಐದನೇ ಕ್ಲಾಸಿನಿಂದ ಹಾಸ್ಟೆಲೇ. ರಜೆಗೆ ಹೋದರೆ ಬಸ್ಸು ಆಚೆ ದಡದಲ್ಲಿ ಬಿಡುತ್ತಿತ್ತು. ಅಕ್ಕ ಹರಿಗೋಲು ತಂದು ಕಾಯುತ್ತಿದ್ದಳು. "ಏನ್ ಮೇಡಂ, ಟಿಕೆಟ್ ತಗೊಂಡೀರೇನು?" ನಡುಹೊಳೆಯಲ್ಲಿ ಗರಗರ ತಿರುಗಿಸುತ್ತಿದ್ದಳು, ನಾನು ಅಳುವವರೆಗೆ. ಆಮೇಲೆ ತಾನೇ ನನ್ನ ಕಣ್ಣು ಒರೆಸುತ್ತಿದ್ದಳು.

ಫೆಬ್ರವರಿಯಲ್ಲಿ ಕುರುಗೋಡಿನ ಈ ಭಾವನ ಜೊತೆ ಅವಳ ಮದುವೆ. ಇಂಟರ್ನಲ್ಸ್ ಮಿಸ್ ಆಗುತ್ತೆ ಅಂತ ಹೆದರಿದೆ. ಬರಲ್ಲ ಎನ್ನಲು ಇನ್ನೂ ಹೆಚ್ಚು ಹೆದರಿಕೆ. ಬರ್ತೀನಿ ಅಂತ ಮೆಸೇಜ್ ಹಾಕಿ ಹೋಗಲಿಲ್ಲ. ಅರಿಶಿನ ಹಚ್ಚಿದ ಮೈಯಲ್ಲೇ ಅಕ್ಕ ಹರಿಗೋಲು ತಂದು, ಕಡೇ ಬಸ್ಸಿನವರೆಗೆ ಕಾದಳಂತೆ.

ಆ ಇಂಟರ್ನಲ್ಸಿನಲ್ಲಿ ಇಪ್ಪತ್ತಕ್ಕೆ ಹನ್ನೊಂದು ಬಂತು ನನಗೆ.

ಅಂದಿನಿಂದ ಅಕ್ಕ ಫೋನ್ ಎತ್ತಿಲ್ಲ.

ಏಪ್ರಿಲ್ 15

ಭಾವನಿಗೆ ಫೋನ್ ಮಾಡಿದೆ. ಸಿರುಗುಪ್ಪದಲ್ಲಿ ಭತ್ತದ ಲೋಡಿನ ಮೇಲಿದ್ದರು.

"ಹರಗೋಲಿನ ಜ್ವರ ನೋಡೂದು ಇನ್ನೂ ಬಿಟ್ಟಿಲ್ಲೇನವ್ವಾ?"

"ಭಾವ, ದಿನಾ ಮೂರಕ್ಕೆ ಯಾರೋ ಗ್ಯಾರೇಜ್ ಓಪನ್ ಮಾಡ್ತಿದ್ದಾರ್ರೀ. ಡ್ಯಾಮೇಜ್ ಆದ್ರೆ?"

"ಓಣಿ ಹುಡುಗ್ರು ಒಳಗ ಹೊಕ್ಕು ಆಡತಿರಬೇಕು. ಇವತ್ತ ಸಂಜಿಗೆ ಮನಿಗೆ ಹೋಗಿ ಬೀಗ ಜಡೀತೀನಿ ತಗೋ."

ಸಮಾಧಾನ. ಮೊದಲ ಸಲ ಒಂದು ಪ್ರಾಬ್ಲಮ್ ನಾನೇ ಸಾಲ್ವ್ ಮಾಡಿದೆ.

ಏಪ್ರಿಲ್ 18, 3.30

46.9. ಇಳಿಯುತ್ತಿಲ್ಲ. ಮೂರು ದಿನದಿಂದ ಏರುತ್ತಲೇ ಇದೆ. ಏಕೆ?

ಏಪ್ರಿಲ್ 19, 4.10

48.3. ಮತ್ತೆ ಭಾವನಿಗೆ ಮಾಡಿದೆ.

"ನನ್ನ ಬೈಸಾಕ ಹಚ್ಚಿದೆಲ್ಲವ್ವಾ. ಈಗರ ನಮ್ಮವ್ವ ಫೋನಿನ್ಯಾಗ ಝಾಡಿಸಿದ್ಲು. ಊಟ ಆದ ಮ್ಯಾಲ ದಿನಾ ಅಲ್ಲಿಗೆ ಹೋಗತಿದ್ದಾಕಿ ನಿಮ್ಮಕ್ಕನ ಅಂತ. ಗೋಣಿಚೀಲ ತೋಯಿಸಿ ಹರಗೋಲಿಗೆ ಹೊದಿಸಿ, ಬಾಜೂಕ ಕುಂದರತಿದ್ಲಂತ."

"...ಅಕ್ಕ ಏನಂದ್ಲು?"

"ಏನಂತಾಳ? ಅವತ್ತ ಬೀಗ ಜಡಿಯೂವಾಗನ, ಹಾಕ್ಸಿದ್ದು ನೀನು ಅಂತ ಹೇಳಿದ್ದೆ. ತಿರುಗಿ ಒಳಗ ಹೋದ್ಲು."

ಕೀಲಿ ಲೋಡಿನ ಮೇಲಿರುವ ಭಾವನ ಕಿಸೆಯಲ್ಲೇ ಇದೆ. ನಾಳೆ ಊಟಕ್ಕೆ ಮನೆಗೆ ಹೋದಾಗ ತೆಗೆಯುತ್ತಾರಂತೆ.

ನಲವತ್ತೊಂದು ಡಿಗ್ರಿ. ಅದು ಅಕ್ಕ. ನಾನು ದಿನಾ ನೋಡುತ್ತಿದ್ದೆ. ಎರರ್ ಅಂತ ಬರೆದಿಟ್ಟಿದ್ದೆ.

ಏಪ್ರಿಲ್ 20, 2.50

48.1. ಭಾವನ ಮೆಸೇಜ್: "ತಗದೀನಿ." ಡಾಂಬರು ಒಂದು ಬದಿಗೆ ಇಳಿದಿದೆಯಂತೆ, ಬಿದಿರು ಇನ್ನೂ ಬಾಯಿ ಬಿಟ್ಟಿಲ್ಲವಂತೆ.

ಅಕ್ಕನಿಗೆ ಕಳಿಸಬೇಕು. ನಾಲ್ಕು ಸಲ ಅಳಿಸಿದೆ. ಇಲ್ಲಿ ಬರೆದು ನೋಡಿ ಹಾಗೇ ಟೈಪ್ ಮಾಡುತ್ತೇನೆ—

ಅಕ್ಕಾ, ಬೀಗ ಹಾಕ್ಸಿದಾಕಿ ನಾನ. ನೀ ಅಂತ ಗೊತ್ತಿರಲಿಲ್ಲ. ಮದುವಿ ದಿನ ಬರತೀನಿ ಅಂತ ಸುಳ್ಳು ಹೇಳಿದಾಕಿನೂ ನಾನ. ಫೋನ್ ಎತ್ತಬ್ಯಾಡ, ಮಾತಾಡಬ್ಯಾಡ. ಒಂದು ಗೋಣಿ ತೋಯಿಸಿ ಹೊದಿಸು, ಡಿಗ್ರಿ ಇಳಿದದ್ದು ನನಗ ಇಲ್ಲಿ ಫೋನಿನ್ಯಾಗ ಕಾಣತೈತಿ. ಅದನ್ನ ನಿನ್ನ ಉತ್ತರ ಅನ್ಕೋತೀನಿ