ಎರಡು ರೂಪಾಯಿ ಬಡ್ಡಿ

ಬೇಗೂರು
ಬುಧವಾರ, 18-6-2025

ಪ್ರೀತಿಯ ಅತ್ತೆಯವರಿಗೆ ಸೊಸೆ ಕೃಪಾಳ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಮಣ್ಣಿನ ಪಟ್ಟಿ ಹಾಕುತ್ತಿದ್ದಾರೆಯೇ? ಚಿಕಿತ್ಸಾ ಕೇಂದ್ರದವರು ಸೇರಿಸಿಕೊಳ್ಳುವಾಗಲೇ ನಿಮ್ಮ ಮೊಬೈಲು ತೆಗೆದಿಟ್ಟುಕೊಂಡದ್ದು ನಿಮ್ಮ ನೆಮ್ಮದಿಗೆ ಒಳ್ಳೆಯದಿರಬಹುದು, ನನಗಂತೂ ಈ ವಾರ ಅದೇ ದೊಡ್ಡ ಕಷ್ಟವಾಗಿದೆ. ಉಪ್ಪಿಲ್ಲದ ಊಟಕ್ಕೆ ಅಡುಗೆಯವರನ್ನು ಬೈಯುತ್ತಿರುತ್ತೀರೆಂದು ಗೊತ್ತು. ಬೈಯಿರಿ, ಆದರೆ ಊಟ ಬಿಡಬೇಡಿ.

ನಿನ್ನೆ ದೀಪಶ್ರೀಗೆ ಹತ್ತನೇ ತರಗತಿಯ ಲೆಕ್ಕ ಹೇಳಿಕೊಡುತ್ತಿದ್ದೆ. ಇರುವ ಹಣದಲ್ಲಿ ಸ್ವಲ್ಪ ಒಂದು ಬಡ್ಡಿಗೆ, ಉಳಿದದ್ದು ಇನ್ನೊಂದು ಬಡ್ಡಿಗೆ. ಒಟ್ಟು ಬಡ್ಡಿ ಇಷ್ಟು. ಹಾಗಾದರೆ ಎಲ್ಲೆಲ್ಲಿ ಎಷ್ಟೆಷ್ಟು? ಎರಡು ಸಮೀಕರಣ ಬರೆದು ಬಿಡಿಸುವ ಲೆಕ್ಕ. ನಿಮ್ಮ ಮೊಮ್ಮಗಳಿಗೆ ಪುಸ್ತಕದ ಲೆಕ್ಕ ಬೇಸರವಂತೆ. "ತಾತನ್ ದುಡ್ಡಲ್ಲೇ ಮಾಡೋಣಮ್ಮ" ಎಂದಳು. ದೊಡ್ಡನೆಕ್ಕುಂದಿ ಸೈಟು ಮಾರಿದ ನಲವತ್ತು ಲಕ್ಷ. ಬ್ಯಾಂಕಿನ ಬಡ್ಡಿ ಏಳು, ಪರಮಾನಂದನ ಫೈನಾನ್ಸಿನದು ಎರಡು. ವರ್ಷಕ್ಕೆ ಏಳು ಲಕ್ಷ ತೊಂಬತ್ತು ಸಾವಿರ ಬಡ್ಡಿ ಬರುತ್ತದೆಂದು ಮಾವ ಬೀಗರ ಮುಂದೆಲ್ಲ ಮೀಸೆ ತಿರುವುತ್ತಾರಲ್ಲ, ಅದೇ ಒಟ್ಟು. ಬಿಡಿಸಿದರೆ ಬ್ಯಾಂಕಿನಲ್ಲಿ ಒಂದು ಕೋಟಿ ನಲವತ್ತೆರಡು ಲಕ್ಷ ಬಂತು! ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ನನಗೆ ಹೊಳೆಯಿತು. ನಮ್ಮೂರಲ್ಲಿ ಎರಡು ರೂಪಾಯಿ ಬಡ್ಡಿ ಎಂದರೆ ನೂರಕ್ಕೆ, ಅದೂ ತಿಂಗಳಿಗೆ. ವರ್ಷಕ್ಕೆ ಇಪ್ಪತ್ತನಾಲ್ಕು. ಹಾಗೆ ತಿದ್ದಿ ಮತ್ತೆ ಬಿಡಿಸಿದಳು. ಬ್ಯಾಂಕಿನಲ್ಲಿ ಹತ್ತು ಲಕ್ಷ, ಫೈನಾನ್ಸಿನಲ್ಲಿ ಮೂವತ್ತು. ನಾನೇ ಇನ್ನೊಮ್ಮೆ ಬಿಡಿಸಿ ನೋಡಿದೆ, ಅಷ್ಟೇ ಬಂತು.

"ಮೂವತ್ತು ಬ್ಯಾಂಕಲ್ಲೇ ಐತೆ ಕಣಮ್ಮ, ಹತ್ತು ಮಾತ್ರ ಒರ್ಗೆ ಕೊಟ್ಟವ್ರೆ" ಎಂದು ನೀವು ಹೇಳಿದ್ದಿರಿ. ನಿಮಗೆ ಮಾವ ಹೇಳಿದ್ದನ್ನೇ ನೀವು ನನಗೆ ಹೇಳಿದಿರಿ, ನಿಮ್ಮ ತಪ್ಪೇನೂ ಇಲ್ಲ. ಆದರೆ ನಿಮ್ಮ ಮಂಡಿ ಆಪರೇಷನ್ನಿಗೆ ಈಗ ನಂಬುವಂಥದ್ದು ಬ್ಯಾಂಕಿನಲ್ಲಿರುವ ಹತ್ತೇ. ಬಡ್ಡಿ ಆಸೆಗೆ ಅಸಲೂ ಹೋಯಿತು ಎನ್ನುವ ಗತಿ ನಮಗೆ ಬರುವುದು ಬೇಡ. ಮಾವನನ್ನು ಕೇಳಿದರೆ, "ಲೆಕ್ಕಗಿಕ್ಕ ಎಲ್ಲ ಇಸ್ಕೂಲಲ್ಲಿಟ್ಕೋ, ಮನೇಗೆ ತರಬ್ಯಾಡ" ಎಂದು ಎದ್ದು ಹೋದರು. ನಿಮ್ಮ ಮಗ ಬೊಮ್ಮಸಂದ್ರದಿಂದ ಶಿಫ್ಟು ಮುಗಿಸಿ ಬಂದು ಎಲ್ಲವನ್ನೂ ಕೇಳಿಸಿಕೊಂಡು, ಅಪ್ಪನೆದುರೇ ಟಿವಿ ಹಾಕಿ ಕೂತರು. ಅವರ ಪೌರುಷವೆಲ್ಲ ಟಿವಿ ರಿಮೋಟಿನ ಮೇಲೆ. ನನಗೆ ಸಿಟ್ಟಿಗಿಂತ ಭಯವೇ ಹೆಚ್ಚಾಗಿದೆ, ಅತ್ತೆ.

ಉಳಿದಂತೆ ಎಲ್ಲರೂ ಆರೋಗ್ಯವಾಗಿದ್ದೇವೆ. ದೀಪಶ್ರೀ ಅಜ್ಜಿಗೆ ಮುತ್ತು ಕಳಿಸಿದ್ದಾಳೆ.

ನಿಮ್ಮ ಸೊಸೆ,
ಕೃಪಾ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಮಾವ ಫೋನಿನಲ್ಲಿ ಮಾತಾಡಿದ್ದು ಕೇಳಿಸಿತು. ಈ ತಿಂಗಳ ಬಡ್ಡಿ ಬಂದೇ ಇಲ್ಲ. ಇನ್ನೂ ಹತ್ತು ಲಕ್ಷ ಹಾಕಿದರೆ ಫೈನಾನ್ಸಿನವರು ಎಲ್ಲ ಸೇರಿಸಿ ಕೊಡುತ್ತಾರಂತೆ. ಬ್ಯಾಂಕಿನ ಠೇವಣಿ ನಿಮ್ಮಿಬ್ಬರ ಹೆಸರಲ್ಲಿದೆ, ಮುರಿಸಲು ನಿಮ್ಮ ಸಹಿಯೂ ಬೇಕು. ಶುಕ್ರವಾರ ಮಾವ ಹಣ್ಣು ಹಿಡಿದುಕೊಂಡು ಅಲ್ಲಿಗೆ ಬರುತ್ತಾರೆ, ಅದಕ್ಕೇ ನಾಳೆಯೇ ತಲುಪಲೆಂದು ಇದನ್ನು ಸ್ಪೀಡ್ ಪೋಸ್ಟು ಮಾಡುತ್ತಿದ್ದೇನೆ. ಹಣ್ಣು ಇಸಿದುಕೊಳ್ಳಿ, ಪೆನ್ನು ಮುಟ್ಟಬೇಡಿ. ಯಾರು ಹೇಳಿಕೊಟ್ಟರೆಂದು ಕೇಳಿದರೆ ನನ್ನ ಹೆಸರನ್ನೇ ಹೇಳಿ. ಮನೆಯಲ್ಲಿ ಆಗುವ ರಂಪ ನಾನು ನೋಡಿಕೊಳ್ಳುತ್ತೇನೆ.