ಕೆಟ್ಟ ಪಂಪಿಗೆ ಕುಂಕುಮ

ಹುಬ್ಬಳ್ಳಿ, ಖಂಡೇನವಮಿಗೆ ಮೂರು ದಿನ ಮೊದಲು, ೨೧೮೮

ಸಿಸ್ಟರ್ ದಾನಮ್ಮ ಬೆಂಗೇರಿ ಅವರಿಗೆ,

ನೀವು ತೀರಿಕೊಂಡು ನೂರು ವರ್ಷ ದಾಟಿದೆ. ಈ ಕಾಗದ ನಿಮ್ಮನ್ನು ಮುಟ್ಟುವ ದಾರಿ ನನಗೆ ತಿಳಿಯದು. ನನ್ನ ಕೆಲವು ಮಾತುಗಳು ಅಪರಿಚಿತವೆನಿಸಿದರೆ ಕ್ಷಮಿಸಬೇಕು. ವಿಷಯಗಳನ್ನು ಕ್ರಮವಾಗಿ ಹೇಳುತ್ತೇನೆ. ಅದು ನನ್ನ ವೃತ್ತಿಯ ಅಭ್ಯಾಸ.

೧. ನನ್ನ ಹೆಸರು ಮಡಿವಾಳೇಶ ಕಲ್ಲಾಪುರ. ವಯಸ್ಸು ಐವತ್ತೆರಡು. ನೀವು ದುಡಿದ ಆಸ್ಪತ್ರೆಯಲ್ಲೇ, ರೋಗಿಗಳ ರಕ್ತನಾಳಕ್ಕೆ ಔಷಧಿ ಹರಿಸುವ ಪಂಪುಗಳನ್ನು ದುರಸ್ತಿ ಮಾಡುತ್ತೇನೆ.

೨. ಮಗಳು ನೀಲಾಂಬಿಕೆಗೆ ಹದಿನಾಲ್ಕು ವರ್ಷ. ಅವಳಿಗೆ ರಕ್ತದ ಕ್ಯಾನ್ಸರ್.

೩. ನಮ್ಮ ಕಾಲದಲ್ಲಿ ಇದಕ್ಕೆ ಮಜ್ಜೆಪಾಠ ಮಾಡುತ್ತಾರೆ. ಅಂದರೆ, ಒಳ್ಳೆಯ ರಕ್ತ ಹುಟ್ಟಿಸುವುದನ್ನು ಮೂಳೆಯೊಳಗಿನ ಮಜ್ಜೆಗೆ ಮತ್ತೆ ಕಲಿಸುತ್ತಾರೆ. ಬಹುತೇಕ ಎಲ್ಲರಿಗೂ ಅದು ಹತ್ತುತ್ತದೆ. ನೀಲಾಳಿಗೆ ಹತ್ತಲಿಲ್ಲ. ಆದ್ದರಿಂದ ನಿಮ್ಮ ಕಾಲದ ಕಟು ಔಷಧಿಗಳನ್ನೇ ಕೊಡುತ್ತಿದ್ದಾರೆ.

೪. ಬಾಯಿಯಿಂದ ಕರುಳಿನವರೆಗೆ ಹುಣ್ಣು. ಹನ್ನೊಂದು ದಿನದಿಂದ ಅವಳು ಏನನ್ನೂ ನುಂಗಿಲ್ಲ. ಎದೆಯ ಮೇಲ್ಭಾಗದಿಂದ ದೊಡ್ಡ ರಕ್ತನಾಳದೊಳಗೆ, ಹೃದಯದ ಬಾಗಿಲವರೆಗೆ, ನಳಿಕೆ ಇಳಿಸಿದ್ದಾರೆ. ಊಟ ಮತ್ತು ಔಷಧಿ ಎರಡೂ ಅದರಲ್ಲೇ ಹೋಗುತ್ತವೆ.

೫. ಅವಳ ಜೊತೆಗೆ ಒಬ್ಬರಿಗೆ ಮಾತ್ರ ಅವಕಾಶ. ಈಗ ಇರುವವಳು ನನ್ನ ಅವ್ವ, ಪಾರವ್ವ. ನಿನ್ನೆ ನಾನು ಪಂಪು ಪರೀಕ್ಷಿಸಲು ಒಳಹೋದಾಗ ಅವಳ ಸೆರಗಿನ ಗಂಟಿನಲ್ಲಿ ಕುಂಕುಮದ ಭರಣಿ ಸಿಕ್ಕಿತು.

ಖಂಡೇನವಮಿಯಂದು ಯಂತ್ರಗಳಿಗೆ ಕುಂಕುಮ ಹಚ್ಚುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ನಮ್ಮ ವಾರ್ಡುಗಳಿಗೆ ಉಸಿರುಗೋಡೆಗಳಿವೆ; ಅವು ಗಾಳಿಯ ಧೂಳನ್ನೆಲ್ಲ ಹೀರಿಕೊಂಡು ಶುದ್ಧ ಗಾಳಿಯನ್ನು ಬಿಡುತ್ತವೆ. ಆದರೆ ಬೆರಳ ತುದಿಯಲ್ಲಿರುವ ಚಿಟಿಕೆ ಕುಂಕುಮವನ್ನು ಯಾವ ಗೋಡೆಯೂ ತಡೆಯಲಾರದು. ನಾನು ಭರಣಿಯನ್ನು ಕಸಿದುಕೊಂಡು, "ಏನೂ ಮುಟ್ಟಬ್ಯಾಡ" ಎಂದಷ್ಟೇ ಹೇಳಿ ಹೊರಬಂದೆ. ಅವ್ವನನ್ನು ವಾರ್ಡಿನಿಂದ ಕಳಿಸಿ ನನ್ನನ್ನೇ ಇರಗೊಡಬೇಕೆಂದು ವಿನಂತಿ ಬರೆದೆ.

ಬರೆಯುವುದು ಸುಲಭವಾಗಿರಲಿಲ್ಲ. ಹಾಲಿನಷ್ಟು ಬಿಳಿಯಾದ ಊಟದ ಚೀಲವನ್ನು ಕಂಬಕ್ಕೆ ತೂಗುಹಾಕಿದಾಗ ನೀಲಾ ದಿನವೂ ಕೇಳುತ್ತಾಳೆ, "ಆಯಿ, ಇವತ್ತೇನ ಊಟ?" ಅಜ್ಜಿ ಹೇಳುತ್ತಾಳೆ, "ಜುಣಕ, ಬಿಸಿ ರೊಟ್ಟಿ. ತಟಗ ಖಾರ ಆಗೈತಿ, ಬಿಕ್ಕಳಿಕಿ ಬಂದ್ರ ನನ್ನ ಬೈಬ್ಯಾಡ." "ನಿನ್ನ ಕೈಯಡಗಿ ಯಾವಾಗ ಸಪ್ಪಗಿತ್ತು?" ಎಂದು ಮಗಳು ಹುಣ್ಣಾದ ಬಾಯಿಯಲ್ಲೇ ನಗುತ್ತಾಳೆ. ದಿನಕ್ಕೆ ಅದೊಂದೇ ನಗು. ಚೀಲದಲ್ಲಿ ಸಕ್ಕರೆ, ಕೊಬ್ಬು, ಪ್ರೋಟೀನು ಎಷ್ಟೆಷ್ಟಿವೆ ಎಂದು ನಾನು ಹೇಳಬಲ್ಲೆ. ಅದಕ್ಕೆ ರೊಟ್ಟಿ ಎಂದು ಹೆಸರಿಡಲು ನನಗೆ ಬರುವುದಿಲ್ಲ.

ಇಂದು ಬೆಳಿಗ್ಗೆ ಹಳೆಯ ನಳಿಕೆಗಳ ಕೈಪಿಡಿಯನ್ನು ಹುಡುಕುತ್ತಿದ್ದಾಗ, ಕಪಾಟಿನ ತಳದಲ್ಲಿ ನಿಮ್ಮ ವಾರ್ಡಿನ ನೋಟ್‌ಬುಕ್ ಸಿಕ್ಕಿತು.

ಹದಿನೇಳು ವರ್ಷದ ರೇಣವ್ವನ ವಿಷಯ ನೀವು ಮೂರು ಪುಟ ಬರೆದಿದ್ದೀರಿ. ಅವಳಿಗೂ ಇದೇ ಕಾಯಿಲೆ, ಎದೆಯಲ್ಲಿ ಇಂಥದೇ ನಳಿಕೆ. ಖಂಡೇನವಮಿಯ ದಿನ ಅಜ್ಜಿ ಸಿದ್ದವ್ವ ಪಂಪಿಗೆ ಕುಂಕುಮ ಹಚ್ಚಿದಳು; ಪೈಪನ್ನು ಬಿಟ್ಟರೆ ದೇವಿ ಸಿಟ್ಟಾದಾಳೆಂದು ನಳಿಕೆಯ ಮುಚ್ಚಳ ತೆಗೆದು ಅದರ ಬಾಯಿಗೂ ಹಚ್ಚಿದಳು. ಸಂಜೆಗೆ ಹುಡುಗಿಗೆ ಚಳಿ ನಡುಕ, ನೂರನಾಲ್ಕು ಡಿಗ್ರಿ ಜ್ವರ. ನಳಿಕೆಯನ್ನೇ ತೆಗೆಯಬೇಕಾಯಿತು, ನಾಲ್ಕು ದಿನ ಊಟದ ಚೀಲವಿಲ್ಲ. "ನಿನ್ನ ಭಕ್ತಿ ನನ್ನ ಮಗಳನ್ನ ತಿಂತು, ನಡೀ ಊರಿಗೆ" ಎಂದು ಸಿದ್ದವ್ವನ ಮಗ, ಹುಡುಗಿಯ ಅಪ್ಪ, ಕೂಗಾಡಿದ. ಆ ಪುಟದ ಕೆಳಗೆ ನೀವು ಬರೆದ ಸಾಲು ಇದು: "ತಪ್ಪು ನನ್ನದು. ಓದಲು ಬರುವವರ ಕೈಗೆ ಸೂಚನೆಯ ಹಾಳೆ ಕೊಟ್ಟೆ. ಸಿದ್ದವ್ವನಿಗೆ ಯಾರೂ ಏನೂ ಹೇಳಿರಲಿಲ್ಲ."

ನೀವು ಅವಳನ್ನು ಕಳಿಸಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ನಳಿಕೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅವಳ ಸೆರಗಿನ ಮೇಲೆಯೇ ಬೆರಳಿನಿಂದ ಗೆರೆ ಎಳೆದು ತೋರಿಸಿದಿರಿ. ಹೊಸ ನಳಿಕೆ ಬಂದಾಗ ಅದರ ಮುಚ್ಚಳದ ಕಾವಲನ್ನು ಅವಳಿಗೇ ವಹಿಸಿದಿರಿ. ಆಮೇಲೆ ಅವಳು ದೊಡ್ಡ ಡಾಕ್ಟರರನ್ನೂ ಬಿಡಲಿಲ್ಲವಂತೆ: "ಸಾಹೇಬ್ರ, ಕೈ ತೊಳ್ಕೊಂಡ್ರೇನು? ಒಣಗ್ಲಿ, ತಡೀರಿ. ನಿಮ್ಮ ಅವಸರ ನನ್ನ ಮೊಮ್ಮಗಳಿಗೆ ಬ್ಯಾಡ." ಮರುವರ್ಷ ರೇಣವ್ವ ತಪಾಸಣೆಗೆ ಬಂದಾಗಲೂ ಹಬ್ಬವಿತ್ತು. ನೀವು ಕೆಟ್ಟುಹೋದ ಒಂದು ಪಂಪನ್ನು ವಾರ್ಡಿನಿಂದ ದೂರ, ಮೆಟ್ಟಿಲ ಬಳಿ ಇಡಿಸಿದ್ದಿರಿ. ಎಲ್ಲರೂ ಅದಕ್ಕೇ ಕುಂಕುಮ ಹಚ್ಚಿ, ಕೈ ತೊಳೆದು ಒಳಗೆ ಬಂದರು.

ಓದಿ ಮುಗಿಸಿ ನಾನು ಅವ್ವನನ್ನು ಹೊರಗೆ ಕರೆದೆ. ಕಾಗದದ ಮೇಲೆ ಹೃದಯ ಬರೆದೆ, ನಳಿಕೆ ಬರೆದೆ, ಒಂದು ಚಿಟಿಕೆ ಪುಡಿ ಒಳಹೊಕ್ಕರೆ ಏನಾಗುವುದೆಂದು ಹೇಳಿದೆ. ಅವಳು ನಳಿಕೆಯ ಗೆರೆಯ ಮೇಲೆ ಹೃದಯದವರೆಗೆ ಬೆರಳಾಡಿಸಿದಳು. ನಂತರ ಕೇಳಿದಳು, "ಇಷ್ಟ ಹೇಳಾಕ ಹನ್ನೊಂದ ದಿನ ಬೇಕಾದ್ವೇನೋ, ಮಡಿವಾಳಾ?"



ನೀಲಾ ಉಳಿಯುತ್ತಾಳೆಯೇ ಎಂಬುದನ್ನು ವೈದ್ಯರು ಇನ್ನೂ ಹೇಳುತ್ತಿಲ್ಲ. ನಿಮಗೆ ತಿಳಿಸಬೇಕಾದದ್ದು ಇಷ್ಟೇ: ವಿನಂತಿ ಪತ್ರವನ್ನು ಹಿಂದಕ್ಕೆ ಪಡೆದಿದ್ದೇನೆ. ಅವ್ವ ನೀಲಾಳ ಬಳಿಯೇ ಇರುತ್ತಾಳೆ. ನನ್ನ ಕೋಣೆಯಲ್ಲಿರುವ ಕೆಟ್ಟ ಪಂಪನ್ನು ಒರೆಸಿ, ಹಬ್ಬದ ದಿನ ಮೆಟ್ಟಿಲ ಬಳಿ ಇಡುತ್ತೇನೆ.