ಆರನೆಯ ಹೆಗಲು

ಹಾಸೆಲ್‌ಬ್ರೂಕ್, ಟ್ವೆಂಟೆ
ನವೆಂಬರ್ ೧೨, ಭಾನುವಾರ

ಪ್ರೀತಿಯ ತಮ್ಮ ಮರೀನಸ್‌ಗೆ,

ಹೇಗಿದ್ದೀಯಪ್ಪಾ? ಹಲ್ಲುನೋವು ಇಳಿಯಿತೋ, ಇಲ್ಲ ಇನ್ನೂ ಲವಂಗ ಕಚ್ಚಿಕೊಂಡು ಗಂಡಸುತನ ತೋರಿಸುತ್ತಿದ್ದೀಯೋ? ಆ ಹೂಳೆತ್ತುವ ಹಡಗಿನ ಗಡಗಡ ಸದ್ದಿನಲ್ಲಿ ನಿದ್ದೆ ಹೇಗೆ ಬರುತ್ತದೆಯೋ ನನಗಂತೂ ತಿಳಿಯದು. ಎರಡು ಜೊತೆ ಉಣ್ಣೆಯ ಕಾಲುಚೀಲ ಕಳಿಸುತ್ತಿದ್ದೇನೆ. ನಿಮ್ಮ ಹಡಗಿನ ಅಡುಗೆಯವನು ರಜೆ ಮುಗಿಸಿ ಗುರುವಾರ ಹೊರಡುತ್ತಾನೆ, ಅವನ ಕೈಯಲ್ಲಿ ಈ ಕಾಗದವನ್ನೂ ಕೊಡುತ್ತೇನೆ. ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎಂದೇ ಹೇಳುತ್ತೇನೆ, ಏಕೆಂದರೆ ಅವ್ವನ ಮಂಚ ಪಕ್ಕದ ಕೋಣೆಯಲ್ಲೇ ಇದೆ. ಕೈಕಾಲು ಸೋತರೂ ಅವಳ ಕಿವಿ ಸೋತಿಲ್ಲ.

ಅವ್ವ ಊಟ ಬಿಟ್ಟಿದ್ದಾಳೆ. ಬಟಾಣಿ ಸೂಪನ್ನು ಒಂದೆರಡು ಚಮಚ ಬಾಯಿಗೆ ಬಿಟ್ಟರೆ ಮುಖ ತಿರುಗಿಸುತ್ತಾಳೆ. ಡಾಕ್ಟರಮ್ಮ ಬಂದು ನೋಡಿ, ಕ್ರಿಸ್‌ಮಸ್‌ವರೆಗೆ ಎಳೆಯುವುದು ಕಷ್ಟ ಎಂದು ಅಡುಗೆಮನೆಯಲ್ಲಿ ನನ್ನೊಬ್ಬಳಿಗೆ ಹೇಳಿ ಹೋದರು. ಅವ್ವನಿಗೆ ಅದು ನಮಗಿಂತ ಮೊದಲೇ ಗೊತ್ತು. ಸಾಯುವ ಭಯ ಅವಳಿಗಿಲ್ಲ. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಅವಳದು ಒಂದೇ ಪ್ರಶ್ನೆ: "ಗ್ರಾಡಸ್‌ಗೆ ಹೇಳಿದ್ಯೇನೇ?" ಹೇಳಿದ್ದೇನವ್ವಾ ಎನ್ನುತ್ತಿದ್ದೆ. ಸುಳ್ಳು, ಅವನ ಮನೆ ಕಡೆ ಕಾಲೇ ಇಟ್ಟಿರಲಿಲ್ಲ.

ಅವಳು ಕೇಳುವುದರಲ್ಲಿ ತಪ್ಪೇನಿದೆ ಹೇಳು. ಅಪ್ಪ ಹೋದ ದಿನ ನಾವು ಸುದ್ದಿ ಹೇಳಿದ್ದು ಒಬ್ಬರಿಗೇ, ನಮ್ಮ ಮೊದಲ ನೆರೆಯವನಾದ, ಪಕ್ಕದ ಮನೆಯ ಗ್ರಾಡಸ್‌ನ ಅಪ್ಪನಿಗೆ. ಮನೆಮನೆಗೆ ಹೋಗಿ ಸಾವು ತಿಳಿಸಿದವನು ಆತ, ಹೆಗಲು ಕೊಡಲು ಆರು ನೆರೆಯವರನ್ನು ಕರೆತಂದವನು ಆತ. ನಾವು ಕರಿ ಬಟ್ಟೆ ಹಾಕಿಕೊಂಡು ಅತ್ತಿದ್ದು ಬಿಟ್ಟರೆ ಬೇರೇನೂ ಮಾಡಬೇಕಾಗಲಿಲ್ಲ. ಈಗ ಆ ಜಾಗದಲ್ಲಿ ಗ್ರಾಡಸ್ ಇದ್ದಾನೆ. ಅವ್ವನ ಹುಟ್ಟುಹಬ್ಬದ ದಿನ ಎಲ್ಲರೂ ಸುತ್ತ ಕುರ್ಚಿ ಹಾಕಿ ಕೇಕು ತಿನ್ನುತ್ತಿದ್ದಾಗ ಚುನಾವಣೆಯ ಮಾತೆತ್ತಿ ನೀನು ಅವನಿಗೆ, "ನಿನ್ನಂಥೋರಿಂದ್ಲೇ ಈ ದೇಶ ಹಾಳಾಗಿದ್ದು" ಅಂದುಬಿಟ್ಟೆ. ಅವನೂ ಬಿಡಲಿಲ್ಲ, "ವರ್ಷಕ್ಕೆ ನಾಕು ತಿಂಗ್ಳು ದೇಶದಲ್ಲಿ ಇರೋನು ನಂಗೆ ಹೇಳ್ಬೇಡ" ಎಂದು ಕಾಫಿ ಬಿಟ್ಟು ಎದ್ದು ಹೋದ. ಮರುವಾರ ನೀನು ಹಡಗು ಹತ್ತಿದೆ. ಇಲ್ಲಿ ಉಳಿದವಳು ನಾನು.

ಆಮೇಲೆ ಹಳೆಯ ಶಾಲೆಯಲ್ಲಿ ನಿರಾಶ್ರಿತರನ್ನು ಇರಿಸುವ ಮಾತು ಬಂತಲ್ಲ, ಊರು ನಡುವೆ ಸೀಳಿತು. ನಾನು ಸಭೆಯಲ್ಲಿ ಎದ್ದು, ಖಾಲಿ ಕಟ್ಟಡದಲ್ಲಿ ಇಲಿ ಇರುವುದಕ್ಕಿಂತ ಮಕ್ಕಳು ಇರಲಿ ಅಂದೆ. ಅಷ್ಟಕ್ಕೇ ಅರ್ಧ ಊರು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟತೊಡಗಿತು. ಗ್ರಾಡಸ್ ವಿರೋಧ ತೋರಿಸಲು ಅಂಗಳದ ಕಂಬಕ್ಕೆ ದೇಶದ ಬಾವುಟವನ್ನು ತಲೆಕೆಳಗಾಗಿ ಕಟ್ಟಿದ. ಒಂದು ಬೆಳಗ್ಗೆ ನೋಡಿದರೆ ನಮ್ಮ ಬಾಗಿಲವರೆಗೂ ಯಾರೋ ಹಸುವಿನ ಗೊಬ್ಬರದ ನೀರು ಸುರಿದಿದ್ದರು. ಪಕ್ಕದಲ್ಲಿ ಹಸು ಸಾಕಿರುವವನು ಯಾರು? ನಾನು ಲೆಕ್ಕ ಹಾಕಿಬಿಟ್ಟೆ. ಬಕೆಟ್‌ಗಟ್ಟಲೆ ನೀರು ಹಾಕಿ ಉಜ್ಜಿದೆ, ಅವ್ವನಿಗೆ ವಾಸನೆ ತಾಗದಿರಲೆಂದು ಕಿಟಕಿ ಮುಚ್ಚಿದೆ, ಹಿತ್ತಲ ಬಾಗಿಲಿಗೆ ಬೀಗ ಹಾಕಲು ಕೀಲಿ ಹುಡುಕಿದೆ. ಈ ಮನೆಯಲ್ಲಿ ಅಂಥದ್ದೊಂದು ಕೀಲಿ ಇದೆಯೆಂದೇ ನನಗೆ ನೆನಪಿರಲಿಲ್ಲ ನೋಡು.

ಹಣವಿರುವ ದೇಶಗಳಲ್ಲೆಲ್ಲ ಜನರನ್ನು ಕೇಳಿದರೆ ನಮ್ಮ ನಾಡು ಎರಡಾಗಿದೆ ಎನ್ನುತ್ತಾರಂತೆ, ಮೊನ್ನೆ ಟಿವಿಯಲ್ಲಿ ಒಬ್ಬ ಪಂಡಿತ ಹೇಳುತ್ತಿದ್ದ. ನಿಜವಾಗಿ ಎಷ್ಟು ಒಡೆದಿದೆ ಅನ್ನುವುದು ಬೇರೆ, ಒಡೆದಿದೆ ಎಂದು ಎಷ್ಟು ಜನಕ್ಕೆ ಅನ್ನಿಸುತ್ತದೆ ಅನ್ನುವುದು ಬೇರೆ ಎಂದೂ ಸೇರಿಸಿದ. ಸುಲಭವಾಗಿ ಹೇಳಿಬಿಟ್ಟ ಮಹಾನುಭಾವ. ಅನ್ನಿಸಿದರೆ ಸಾಲದೇ? ರೊಟ್ಟಿ ಅಂಗಡಿಯಲ್ಲಿ ಯಾರಾದರೂ ಪಿಸುಗುಟ್ಟಿದರೆ ನನ್ನ ಹೆಸರೇ ಎತ್ತಿದರೇನೋ ಅನ್ನಿಸುತ್ತದೆ. ರಸ್ತೆಯಲ್ಲಿ ಕಾರೊಂದು ನಿಧಾನವಾದರೆ ಪರದೆಯ ಸಂದಿಯಿಂದ ಇಣುಕುತ್ತೇನೆ. ಹುಟ್ಟಿ ಬೆಳೆದ ಊರಿನಲ್ಲಿ ನನಗೆ ಹೆದರಿಕೆಯಾಗುತ್ತಿದೆ ಮರೀನಸ್. ನಾನು ಹೆದರುಪುಕ್ಕಲಿಯಲ್ಲ, ಚಿಕ್ಕಂದಿನಲ್ಲಿ ಟಗರು ಅಟ್ಟಿಸಿಕೊಂಡು ಬಂದಾಗ ಮರ ಹತ್ತಿದವನು ನೀನೇ ಹೊರತು ನಾನಲ್ಲ.

ಪಟ್ಟಣದ ಶವಸಂಸ್ಕಾರದವರಿಗೆ ಫೋನು ಮಾಡಿ, ಹೊರುವವರನ್ನು ನೀವೇ ಕಳಿಸುತ್ತೀರಾ ಎಂದು ಕೇಳಿದೆ. ಆ ಹುಡುಗಿ ಚಕಿತಳಾಗಿ, "ನಿಮ್ ಕಡೆ ನೆರೆಯವ್ರೇ ಹೊರ್ತಾರಲ್ವಾ?" ಅಂದಳು. ಫೋನು ಇಟ್ಟುಬಿಟ್ಟೆ. ಮೊದಲ ನೆರೆಯವನು ಬದುಕಿರುವಾಗ ಬಾಡಿಗೆಯ ಹೆಗಲು ತಂದರೆ ಏನರ್ಥ ಅಂತ ನಿನಗೆ ಗೊತ್ತು. ಮೂರು ತಲೆಮಾರು ಆ ಮನೆಯವರು ಈ ಮನೆಯ ಹೊಸಿಲು ತುಳಿಯುವುದಿಲ್ಲ. ಆದರೆ ಹೇಳಲು ಹೋಗಿ ಅವನು ಬರಲ್ಲ ಅಂದುಬಿಟ್ಟರೆ? ಅವ್ವನನ್ನು ಹೊರಲು ಯಾರೂ ಇಲ್ಲದೆ ಹೋದರೆ? ಇದೊಂದೇ ಯೋಚನೆಯಲ್ಲಿ ವಾರವಿಡೀ ಬೆಂದೆ.

ಶುಕ್ರವಾರ ಅವ್ವನ ಉಸಿರು ಕಟ್ಟಿದ ಹಾಗಾಯಿತು, ಆಮೇಲೆ ಸರಿಹೋಯಿತು. ಸಂಜೆ ನರ್ಸಮ್ಮ ಬಂದ ಕೂಡಲೇ ಕೋಟು ಹಾಕಿಕೊಂಡು ಗ್ರಾಡಸ್‌ನ ಹಿತ್ತಲಿಗೆ ಹೋದೆ. ನಮ್ಮಲ್ಲಿ ಯಾರಾದರೂ ನೆರೆಯವರ ಹಿತ್ತಲ ಬಾಗಿಲು ಬಡಿಯುತ್ತಾರಾ? ದೂಡಿಕೊಂಡು, "ಮನೇಲಿ ಯಾರಿದ್ದೀರಿ" ಎಂದು ಕೂಗುತ್ತಾ ಒಳಗೆ ಹೋಗುವುದು. ನಾನು ಬಡಿದೆ. ಏಕೆ ಬಡಿದೆನೋ, ಕೈ ತಾನಾಗಿ ಹೋಯಿತು.

ಒಳಗೆ ದೀಪ ಆರಿತು. ಕುರ್ಚಿ ಸರಿದ ಸದ್ದಾಯಿತು. ಆಮೇಲೆ, "ಯಾರದು?" ಎಂಬ ದನಿ ಬಂತು. ಸಂತೆಯಲ್ಲಿ ಹೋರಿಯನ್ನು ಬೈದು ನಿಲ್ಲಿಸುವ ಗ್ರಾಡಸ್‌ನ ದನಿ ಅದು, ನಡುಗುತ್ತಿತ್ತು. ನಾನು ರೀಕಿ ಅಂದೆ. ಬೀಗ ತೆಗೆದ ಸದ್ದು ಕೇಳಿತು, ಅವನೂ ಬೀಗ ಹಾಕಿಕೊಂಡಿದ್ದ. ಬಾಗಿಲು ತೆರೆದಾಗ ಅವನ ಕೈಯಲ್ಲಿ ಗೊಬ್ಬರ ಎತ್ತುವ ಕವೆಗೋಲು ಇತ್ತು, ಹಿಂದೆ ಅವನ ಹೆಂಡತಿ ಟ್ರೂಸ್ ಫೋನು ಹಿಡಿದು ನಿಂತಿದ್ದಳು. "ನೀನ್ಯಾಕೆ ಬಾಗ್ಲು ಬಡ್ದೆ? ಬಡಿಯೋರು ಪರಕೀಯರು ಕಣೇ. ನಾವು ಇನ್ಯಾರೋ ಅಂದ್ಕೊಂಡ್ವಿ" ಅಂದ. ಅವನ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಅವನಿಗೂ ಹೆದರಿಕೆಯಾಗುತ್ತದೆ ಅನ್ನುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಟ್ರೂಸ್ ಕಾಫಿ ಬಗ್ಗಿಸಿದಳು. ಗೊಬ್ಬರದ ನೀರು ನೀನು ಸುರಿದೆಯಾ ಎಂದು ನಾನು ಕೇಳಿಯೇಬಿಟ್ಟೆ. "ಥೂ, ನಿಮ್ಮವ್ವ ಮಲ್ಗಿರೋ ಮನೆಗಾ?" ಅಂದ. ಆಮೇಲೆ ಅವನು, ತನ್ನ ಬಾವುಟದ ಹಗ್ಗ ಕತ್ತರಿಸಿ ಗೇಟಿಗೆ ಕೆಂಪು ಬಣ್ಣ ಎರಚಿದ್ದು ನೀನಾ ಎಂದ. ಅವನ ಗೇಟಿಗೆ ಬಣ್ಣ ಬಿದ್ದದ್ದೇ ನನಗೆ ಗೊತ್ತಿರಲಿಲ್ಲ. ಹಾಗಾದರೆ ಯಾರು ಎಂದಳು ಟ್ರೂಸ್. ಗ್ರಾಡಸ್ ಎದ್ದು ಹಿತ್ತಲ ಬಾಗಿಲಿಗೆ ಮತ್ತೆ ಬೀಗ ಹಾಕಿದ. ಗ್ರಾಡಸ್ ಮಾಡಿದ್ದೆಂದು ನಂಬಿದಾಗ ಒಂದು ಮುಖವಾದರೂ ಇತ್ತು, ಈಗ ಅದೂ ಇಲ್ಲ. ಆ ಹೆದರಿಕೆ ಹೆಚ್ಚು.

ಅವ್ವನ ವಿಷಯ ಹೇಳಿದೆ. ಗ್ರಾಡಸ್ ತಲೆ ತಗ್ಗಿಸಿ, "ನೀನು ಬರ್ತೀಯ ಅಂತ ಕಾಯ್ತಾನೇ ಇದ್ದೆ. ಕರಿ ಕೋಟು ಬಿಸ್ಲಿಗೆ ಹಾಕಿ ತೆಗ್ದಿಟ್ಟಿದೀನಿ. ನೀವು ನನ್ನ ಕರೆಯಲ್ಲ ಅಂದ್ಕೊಂಡಿದ್ದೆ" ಅಂದ. ನನಗೆ ಅಳು ತಡೆಯಲಾಗಲಿಲ್ಲ. ಮತ್ತೆ ಕಟ್ಟಿದ ಬಾವುಟ ಮಾತ್ರ ಇಳಿಸುವುದಿಲ್ಲವಂತೆ, ಅದನ್ನೂ ಹೇಳಿದ. ಇರಲಿಬಿಡು, ಶಾಲೆಯ ಬಗ್ಗೆ ನಾನೂ ನನ್ನ ಮಾತು ಬದಲಿಸುವವಳಲ್ಲ. ಮನೆಗೆ ಬಂದು, ಗ್ರಾಡಸ್‌ಗೆ ಹೇಳಿದೆ ಎಂದು ಅವ್ವನಿಗೆ ಅಂದೆ, ಈ ಸಲ ನಿಜವಾಗಿ. "ದಿನಾ ಅದನ್ನೇ ಹೇಳ್ತೀಯ" ಎಂದು ಬೈದಳು.

ಅವ್ವ ನಿನ್ನ ತಲೆ ಸವರಿದ್ದಾಳೆ ಎಂದು ತಿಳಿದುಕೋ. ಹಡಗಿನ ಅಂಚಿನಲ್ಲಿ ಹುಷಾರಾಗಿ ಓಡಾಡು. ಟ್ರೂಸ್ ಕೂಡ ನಿನ್ನನ್ನು ವಿಚಾರಿಸಿದ್ದಾಳೆ.

ನಿನ್ನ ದಾರಿ ನೋಡುವ ಅಕ್ಕ,
ರೀಕಿ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಗ್ರಾಡಸ್ ನಿನ್ನೆ ಮನೆಮನೆಗೆ ಹೋಗಿ ಹೊರುವವರನ್ನು ಕೇಳಿ ಬಂದ. ಅವನೂ ಸೇರಿ ಐದೇ ಜನ. ಕೊನೆಯ ಮನೆಯ ಬೆನ್ನಿ ಬರುವುದಿಲ್ಲವಂತೆ. "ಆ ಮನೆ ಪೆಟ್ಟಿಗೆಗೆ ಹೆಗಲು ಕೊಟ್ರೆ ನಾಳೆ ನಮ್ ಕಡೆಯೋರು ನನ್ನ ಬಿಡ್ತಾರಾ?" ಅಂದನಂತೆ, ಅವನ ಕಣ್ಣಲ್ಲೂ ನೀರಿತ್ತಂತೆ. ಮಿಕ್ಕವರಲ್ಲಿ ಯಾರನ್ನು ಕೇಳಿದರೂ ಬೇರೆ ಯಾರು ಯಾರು ಬರುತ್ತಾರೆ ಎಂದು ಮೊದಲು ವಿಚಾರಿಸುತ್ತಾರೆ. ಸ್ವಂತ ಮಗ ಹೊರುವುದು ನಮ್ಮಲ್ಲಿ ಇಲ್ಲ, ಗೊತ್ತು. ಆದರೂ ಆರನೆಯ ಹೆಗಲಿಗೆ ಗ್ರಾಡಸ್‌ನೇ ನಿನ್ನ ಹೆಸರು ಹೇಳಿದ. ಕ್ರಿಸ್‌ಮಸ್‌ವರೆಗೆ ಕಾಯಬೇಡ, ಈಗಲೇ ರಜೆ ಕೇಳು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆ ಓಲದಿರಬೇಕಾದರೆ ಎದುರುಬದುರು ಒಂದೇ ಎತ್ತರದವರು ನಿಲ್ಲಬೇಕು. ಆ ಐವರಲ್ಲಿ ನಿನ್ನ ಎತ್ತರದವನು ಗ್ರಾಡಸ್ ಒಬ್ಬನೇ.